ಒಂದೂವರೆ ಗಂಟೆ ಅತ್ತ ಹುಡುಗ

ನಾನು ನಡೆಸುತ್ತಿದ್ದ ಶಿಶುವಿಹಾರಕ್ಕೆ ಕ್ಯಾಮೆರಾ ಹಾಕಿಸಿದ್ದು ಮಕ್ಕಳ ಸುರಕ್ಷತೆಗಾಗಿ ಎಂದು ಆಗ ಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದೆ. ಈಗ ವಯಸ್ಸಾಗಿದೆ, ನಿಜ ಹೇಳುವುದರಲ್ಲಿ ನಷ್ಟವೇನಿಲ್ಲ. ಹಾಕಿಸಿದ್ದು ಹೊಟ್ಟೆಕಿಚ್ಚಿಗೆ. ಇಂದಿರಾನಗರದಲ್ಲಿ ಹೊಸದಾಗಿ ತೆರೆದಿದ್ದ ಒಂದು ಶಿಶುವಿಹಾರ, ಆಫೀಸಿನಲ್ಲಿ ಕೂತೇ ನಿಮ್ಮ ಮಗುವನ್ನು ನೋಡಿ ಎಂದು ನೂರಡಿ ರಸ್ತೆಗೆ ಕಾಣುವ ಹಾಗೆ ಬೋರ್ಡು ಹಾಕಿತ್ತು. ಒಂದೇ ತಿಂಗಳಲ್ಲಿ ನಮ್ಮ ಮೂರು ಮಕ್ಕಳು ಅಲ್ಲಿಗೆ ಹೋದವು. ಅದರಲ್ಲಿ ಒಂದು, ನಾನು ವರ್ಷವಿಡೀ ಒದ್ದಾಡಿ ಬೆರಳು ಚೀಪುವುದನ್ನು ಬಿಡಿಸಿದ ಮಗು. ಆ ಸಂಕಟ ನನಗೆ ಇವತ್ತಿಗೂ ಇದೆ.

ನಮ್ಮದು ಜೀವನ್ ಬಿಮಾ ನಗರದಲ್ಲಿ, ನಮ್ಮ ಮನೆಯದೇ ಕೆಳಗಿನ ಅಂತಸ್ತು. ಮಕ್ಕಳಿಗೆ ಒಂದು ದೊಡ್ಡ ಹಾಲ್, ಅದರ ಪಕ್ಕದಲ್ಲಿ ಹಿಂದೆ ಅಕ್ಕಿ ಮೂಟೆ ಇಡುತ್ತಿದ್ದ ಒಂದು ಸಣ್ಣ ಕೋಣೆ. ಅದರೊಳಗೆ ಒಂದು ಮೇಜು ತೂರಿಸಿ ನಾನು ಅದನ್ನು ಆಫೀಸು ಎಂದು ಕರೆಯುತ್ತಿದ್ದೆ. ಎರಡರ ನಡುವೆ ಒಂದೇ ಬಾಗಿಲು. ಆ ಬಾಗಿಲು ತೆರೆದರೆ ಕಿರ್ರೆಂದು ಕೂಗಿಕೊಳ್ಳುತ್ತಿತ್ತು. ಊಟವಾಗಿ ಮಲಗಿದ ಹದಿನೆಂಟು ಮಕ್ಕಳೂ ಆ ಸದ್ದಿಗೆ ಒಟ್ಟಿಗೆ ಎದ್ದು ರಾಗ ತೆಗೆಯುತ್ತಿದ್ದುದರಿಂದ, ಮಧ್ಯಾಹ್ನ ಒಂದರಿಂದ ಮೂರರವರೆಗೆ ಯಾರೂ ಈ ಬಾಗಿಲು ತೆರೆಯಕೂಡದು ಎಂದು ಸುತ್ತೋಲೆ ಹೊರಡಿಸಿದ್ದೆ. ಕೀಲುಗಳಿಗೆ ಎರಡು ತೊಟ್ಟು ಎಣ್ಣೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಎಣ್ಣೆಗಿಂತ ಸುತ್ತೋಲೆಯ ಮೇಲೆ ನಂಬಿಕೆ ಹೆಚ್ಚು.

ಹಾಡು, ಅಕ್ಷರ, ಸುತ್ತೋಲೆ ಇವು ನನ್ನ ಪಾಲಿನ ಕೆಲಸ. ಉಳಿದದ್ದು, ಅಂದರೆ ಮಕ್ಕಳು, ಆಯಮ್ಮನ ಪಾಲು. ರಾಯಚೂರಿನ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು ಮರ್ಫಿ ಟೌನಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಇಟ್ಟಿಗೆ ಹೊರುವುದನ್ನು ಬಿಟ್ಟು ನಮ್ಮಲ್ಲಿ ಸೇರಿ ಆರು ವರ್ಷವಾಗಿತ್ತು. ಇಟ್ಟಿಗೆಗಿಂತ ಕೂಸುಗಳೇ ಭಾರ, ಆದರೆ ಇಟ್ಟಿಗೆ ನಗುವುದಿಲ್ಲ ಎಂದು ಒಮ್ಮೆ ಹೇಳಿದ್ದಳು. ಗಂಡನಿಗೆ ತಿಂಗಳಲ್ಲಿ ಹದಿನೈದು ದಿನ ಕೆಲಸವಿರುತ್ತಿರಲಿಲ್ಲ. ಮಗಳು ಕಾಲೇಜಿಗೆ ಹೋಗುತ್ತಿದ್ದುದು ಇವಳ ಈ ಕೆಲಸದ ಬಲದಿಂದಲೇ.

ಅವಳಿಗಿದ್ದ ಒಂದೇ ಚಟ ಕಾಡಿಗೆ. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಬಟ್ಟಲು ಕವುಚಿ, ತಾನೇ ಮಾಡಿದ ಕಾಡಿಗೆಯನ್ನು ಪುಟ್ಟ ಡಬ್ಬಿಯಲ್ಲಿ ಸೆರಗಿನ ತುದಿಗೆ ಕಟ್ಟಿಕೊಂಡು ಬರುತ್ತಿದ್ದಳು. ಬಂದ ಮಗು ಬಂದ ಹಾಗೆ ಗಲ್ಲಕ್ಕೆ ಒಂದು ದೃಷ್ಟಿಬೊಟ್ಟು. ಒಬ್ಬ ತಾಯಿ, ಮಗುವಿನ ಚರ್ಮ ಸೂಕ್ಷ್ಮ, ಇದೆಲ್ಲ ಬೇಡ ಎಂದಳು. ನಾನು ಎಂದಿನಂತೆ ಸುತ್ತೋಲೆ ಹೊರಡಿಸಿದೆ: ಇನ್ನು ಮುಂದೆ ಮಕ್ಕಳ ಮುಖಕ್ಕೆ ಕಾಡಿಗೆ ಹಚ್ಚುವಂತಿಲ್ಲ. ಆಯಮ್ಮನಿಗೆ ಓದಿ ಹೇಳಿದೆ. ಆಗಲಿ ಎಂದಳು. ಡಬ್ಬಿ ಮಾತ್ರ ಸೆರಗಿನ ತುದಿಯಲ್ಲೇ ಇತ್ತು.

ಕ್ಯಾಮೆರಾ ಆರಿಸುವ ಹೊಣೆಯನ್ನು ನಮ್ಮವರು ಹೊತ್ತರು. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು ಮನೆಯಲ್ಲಿದ್ದ ಅವರಿಗೆ, ವಸ್ತುವನ್ನು ಕೊಳ್ಳುವುದಕ್ಕಿಂತ ಕೊಳ್ಳುವ ಮೊದಲು ವಿಚಾರಿಸುವುದರಲ್ಲಿ ಸುಖ. ಒಂದು ಮಿಕ್ಸಿಗೋಸ್ಕರ ಎಂಟು ಅಂಗಡಿ ಹತ್ತಿಳಿದು, ಕೊನೆಗೆ ಒರಳುಕಲ್ಲೇ ವಾಸಿ ಎಂದು ಮನೆಗೆ ಬಂದವರು. ಈಗ ಊಟದ ಮೇಜಿನ ಮೇಲೆ ಬಣ್ಣಬಣ್ಣದ ಕರಪತ್ರ ಹರಡಿಕೊಂಡು ಕೂತರು. ಹುಳಿ ಬಡಿಸಲು ಜಾಗವಿರಲಿಲ್ಲ. ಉದ್ದನೆಯ ಕ್ಯಾಮೆರಾ ಬಂದೂಕಿನ ಹಾಗಿದೆ, ಮಕ್ಕಳು ಹೆದರುತ್ತವೆ ಎಂದು ನಾನು ಬೇಡವೆಂದೆ. ಕತ್ತು ತಿರುಗಿಸುವ ಕ್ಯಾಮೆರಾವನ್ನು ಹದಿನೆಂಟು ತಾಯಂದಿರು ಹದಿನೆಂಟು ಕಡೆಗೆ ತಿರುಗಿಸಿದರೆ ಅದಕ್ಕೆ ಕತ್ತು ಉಳುಕುತ್ತದೆ ಎಂದು ಅವರು ಬೇಡವೆಂದರು.

ಶಿವಾಜಿನಗರದ ಒಂದು ಅಂಗಡಿಗೆ ನಾನೂ ಹೋಗಿದ್ದೆ. ಅಲ್ಲಿನ ಸಾಹೇಬರು ನಮ್ಮ ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಟೀ ತರಿಸಿ, ಗಾಜಿನ ಪೆಟ್ಟಿಗೆಯಿಂದ ಒಂದು ಮುದ್ದಾದ ಗುಂಡು ಕ್ಯಾಮೆರಾ ತೆಗೆದಿಟ್ಟರು. "ಇದು ತಗೊಳಿ ಸಾರ್. ಒಳಗೆ ಏನೂ ಇಲ್ಲ. ಬ್ಯಾಟರಿ ಹಾಕಿದ್ರೆ ಕೆಂಪು ಲೈಟ್ ಬರ್ತದೆ, ಅಷ್ಟೇ. ಕಳ್ಳ ನೋಡ್ತಾನೆ, ಹೋಗ್ಬಿಡ್ತಾನೆ. ಇವತ್ತಿನವರ್ಗೂ ಒಂದು ಕಂಪ್ಲೇಂಟ್ ಬಂದಿಲ್ಲ," ಎಂದರು. ನಮಗೆ ಬೇಕಾಗಿರುವುದು ಕಳ್ಳರಿಗಲ್ಲ, ತಾಯಂದಿರಿಗೆ ಎಂದು ನಾನು ಸ್ವಲ್ಪ ಗಡುಸಾಗಿಯೇ ಹೇಳಿದೆ. ಹಾಗಾದರೆ ಕಷ್ಟ ಎಂದು ಅವರು ಅದನ್ನು ವಾಪಸ್ಸು ಒಳಗಿಟ್ಟರು. ಆಮೇಲೆ ಎಷ್ಟೋ ಸಲ ಆ ಮನುಷ್ಯನನ್ನು ನೆನೆಸಿಕೊಂಡಿದ್ದೇನೆ. ನಾನು ನೋಡಿದ ಕ್ಯಾಮೆರಾಗಳಲ್ಲಿ ಒಂದೇ ಒಂದು ಸುಳ್ಳನ್ನೂ ಹೇಳದಿದ್ದುದು ಅದೊಂದೇ.

ಕೊನೆಗೆ ಹಲಸೂರಿನ ಒಬ್ಬ ಡೀಲರ್ ಹತ್ತಿರ ನೆಟ್‌ವರ್ಕ್ ಕ್ಯಾಮೆರಾ ತೆಗೆದುಕೊಂಡೆವು. ಕ್ಯಾಮೆರಾ ಹಾಲಿನ ಗೋಡೆಯ ಮೇಲೆ. ಅದರ ತಂತಿ ಗೋಡೆ ಕೊರೆದು ಆಫೀಸಿನ ಕಂಪ್ಯೂಟರಿಗೆ. ಅಲ್ಲಿಂದ ಚಿತ್ರ ಇಂಟರ್ನೆಟ್ ಹಿಡಿದು ತಾಯಂದಿರ ಆಫೀಸುಗಳಿಗೆ. ಇಷ್ಟನ್ನೂ ನಡೆಸುವುದು ಒಂದು ಸಿ.ಡಿ.ಯಲ್ಲಿ ಬಂದ ಸಾಫ್ಟ್‌ವೇರು. ಬಾಕ್ಸಿನ ಮೇಲೆ ನಗುತ್ತಿರುವ ಒಂದು ವಿದೇಶಿ ಕುಟುಂಬದ ಚಿತ್ರವಿತ್ತು. ಆ ಕುಟುಂಬ ಇನ್ನೂ ಅದನ್ನು ಬಳಸಿ ನೋಡಿರಲಿಲ್ಲ ಎಂದು ನನಗೆ ಬೇಗ ಅರ್ಥವಾಯಿತು.

ಅದು ಒಂದೇ ಹೊತ್ತಿಗೆ ನಾಲ್ಕು ಜನರಿಗೆ ಮಾತ್ರ ಚಿತ್ರ ಕೊಡುತ್ತಿತ್ತು. ಐದನೆಯ ತಾಯಿ ಬಂದರೆ ಮೊದಲನೆಯವಳನ್ನು ಹೇಳದೆ ಕೇಳದೆ ಹೊರಗೆ ಹಾಕುತ್ತಿತ್ತು. ಅವಳು ಮತ್ತೆ ಒಳಬಂದು ಇನ್ನೊಬ್ಬಳನ್ನು ತಳ್ಳುತ್ತಿದ್ದಳು. ಕಾರ್ಪೊರೇಷನ್ನಿನ ನೀರಿನ ನಲ್ಲಿಯ ಮುಂದೆ ಕೊಡ ಹಿಡಿದು ನಡೆಯುವಂಥ ಜಗಳ ಏರ್‌ಪೋರ್ಟ್ ರಸ್ತೆಯ ಏ.ಸಿ. ಆಫೀಸುಗಳ ನಡುವೆ ಶುರುವಾಯಿತು. ಚಿತ್ರಕ್ಕೆ ಸದ್ದಿರಲಿಲ್ಲ. ವಿಮಾನ ನಿಲ್ದಾಣ ಆಗ ಇನ್ನೂ ನಮ್ಮ ಪಕ್ಕದಲ್ಲೇ ಇತ್ತಲ್ಲ, ಪ್ರತಿ ವಿಮಾನಕ್ಕೂ ಹದಿನೆಂಟು ಮಕ್ಕಳು ಆಟ ಬಿಟ್ಟು ಕಿಟಕಿಗೆ ಓಡುತ್ತಿದ್ದವು. ಸದ್ದಿಲ್ಲದ ಚಿತ್ರದಲ್ಲಿ ಅದನ್ನು ನೋಡಿದ ತಾಯಂದಿರು ಬೆಂಕಿಯೋ ಭೂಕಂಪವೋ ಎಂದು ಫೋನ್ ಮಾಡುತ್ತಿದ್ದರು. ವಿಮಾನ, ವಿಮಾನ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು.

ಕರೆಂಟು ಹೋಗಿ ಬಂದರಂತೂ ಕ್ಯಾಮೆರಾದ ಗಡಿಯಾರ ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಮೊದಲನೇ ದಿನಕ್ಕೆ ಹೋಗಿ ನಿಲ್ಲುತ್ತಿತ್ತು. ಚಿತ್ರದ ಮೂಲೆಯಲ್ಲಿ ಆ ತಾರೀಕು, ಕೆಳಗೆ ನಮ್ಮ ಮಕ್ಕಳು. ತಾಯಂದಿರೇ ಹುಟ್ಟಿರದ ಕಾಲದಲ್ಲಿ ಅವರ ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದವು. ನಮ್ಮವರು ದಿನಾ ಸರಿಮಾಡುವುದು, ಕರೆಂಟು ದಿನಾ ಹೋಗುವುದು. ಬೇಸತ್ತು ಸುತ್ತೋಲೆ ಹೊರಡಿಸಿದೆ: ಚಿತ್ರದ ಮೇಲಿರುವ ತಾರೀಕು, ಸಮಯಗಳನ್ನು ಯಾರೂ ನೋಡಬಾರದು. ತಾಯಂದಿರು ಒಪ್ಪಿದರು. ಒಳ್ಳೆಯ ತಾಯಂದಿರು, ಆ ಅಂಕಿಗಳ ಕಡೆ ಮತ್ತೆ ಕಣ್ಣೆತ್ತಿಯೂ ನೋಡಲಿಲ್ಲ. ಈ ಸುತ್ತೋಲೆ ಮುಂದೆ ನನ್ನ ಮಾನ ತೆಗೆಯುತ್ತದೆ ಎಂದು ನನಗೇನು ಗೊತ್ತು.

ಎರಡು ತಿಂಗಳಾಗಿರಬೇಕು, ಚಿತ್ರದ ನಟ್ಟನಡುವೆ ಒಂದು ಕಪ್ಪು ಮಚ್ಚೆ ಕಾಣಿಸಿಕೊಂಡಿತು. ಮಕ್ಕಳು ಎಡಗಡೆಯಿಂದ ನಡೆದುಬಂದು, ಮಚ್ಚೆಯೊಳಗೆ ಮಾಯವಾಗಿ, ಬಲಗಡೆಯಿಂದ ಹೊರಬರುತ್ತಿದ್ದವು. ನಡುವೆ ನನ್ನ ಮಗಳು ಎಲ್ಲಿಗೆ ಹೋಗ್ತಾಳೆ ಎಂದು ಒಬ್ಬಳು ಕೇಳಿದಳು. ಫಿಟ್ಟಿಂಗ್ ಮಾಡಿಕೊಟ್ಟಿದ್ದವನನ್ನು ಕರೆಸಿದೆವು. ಮದುವೆಯಾಗಿ ಇಬ್ಬರು ಮಕ್ಕಳಿದ್ದ ಗಂಭೀರ ಮನುಷ್ಯ, ಯಾವ ತೊಂದರೆ ಹೇಳಿದರೂ ಆಸ್ಪತ್ರೆಯ ಡಾಕ್ಟರ ಹಾಗೆ ತಲೆಯಾಡಿಸುತ್ತಿದ್ದ. ಬಂದವನೇ ಆಫೀಸಿನ ಕಂಪ್ಯೂಟರ್ ಮುಂದೆ ಕೂತ. ಸಾಫ್ಟ್‌ವೇರ್ ಪ್ರಾಬ್ಲಮ್ ಎಂದ. ತೆಗೆದು ಮತ್ತೆ ಹಾಕಿದ. ಮಚ್ಚೆ ಹೋಗಲಿಲ್ಲ. ಮುಂದಿನ ವಾರ ಬಂದು ಬೇರೆ ಏನೋ ತೆಗೆದು ಹಾಕಿದ. ಮಚ್ಚೆ ಇನ್ನೂ ದಟ್ಟವಾಯಿತು. ಈ ಎರಡು ಸಲವೂ ಅವನು ಕುರ್ಚಿ ಬಿಟ್ಟು ಏಳಲಿಲ್ಲ, ನಾವೂ ಏಳಲಿಲ್ಲ. ಮೂವರೂ ಪರದೆಯ ಮೇಲಿನ ಮಚ್ಚೆಯನ್ನೇ ದಿಟ್ಟಿಸಿಕೊಂಡು ಅವನು ಹೇಳಿದ್ದಕ್ಕೆ ಹೂಂ ಹೂಂ ಎನ್ನುತ್ತಿದ್ದೆವು.

ಮೂರನೇ ಸಲ ಸಾಫ್ಟ್‌ವೇರಿನ ಹೊಸ ವರ್ಷನ್ ಎಂದು ಇನ್ನೊಂದು ಸಿ.ಡಿ. ತಂದ. ಅದನ್ನು ಹಾಕಿ, ತಂತಿ ಒಂದು ಸಲ ಬಿಗಿಮಾಡಿ ಬರ್ತೀನಿ ಎಂದು ಹಾಲಿಗೆ ಹೋದ. ನಾನು ಪರದೆ ನೋಡುತ್ತ ಕೂತಿದ್ದೆ. ಚಿತ್ರ ಅಲ್ಲಾಡಿತು, ಮಸುಕಾಯಿತು, ಆಮೇಲೆ ಮಚ್ಚೆ ಒಂದಿಷ್ಟೂ ಉಳಿಯದೆ ಹೊರಟುಹೋಯಿತು. ಗೋಡೆ ಫಳಫಳ ಹೊಳೆಯಿತು. ನಾನು ಚಪ್ಪಾಳೆ ತಟ್ಟಿದೆ. ನಮ್ಮವರು ಹೊಸ ವರ್ಷನ್ನಿನ ಮಹಿಮೆಯನ್ನು ಪಕ್ಕದ ಮನೆಯವರಿಗೂ ವಿವರಿಸಿ ಬಂದರು.

ಆ ಹೊಸ ವರ್ಷನ್ನಿಗೆ ಒಂದು ಹೊಸ ಗುಣವಿತ್ತು. ಅದು ಆಗಾಗ ಸುಮ್ಮನೆ ನಿಂತುಬಿಟ್ಟು, ಮತ್ತೆ ತನಗೆ ತೋಚಿದಾಗ ನಡೆಯುತ್ತಿತ್ತು. ಹಳೆಯದು ಕೆಟ್ಟರೆ ಪರದೆ ನೀಲಿಯಾಗಿ, ಟೊಯ್ಯೆಂದು ಕೂಗಿ, ಊರಿಗೆಲ್ಲ ಗೊತ್ತಾಗುವ ಹಾಗೆ ಕೆಡುತ್ತಿತ್ತು. ಇದು ಕೆಟ್ಟಾಗ ಕೊನೆಯ ಚಿತ್ರವನ್ನೇ ಹಾಗೇ ಹಿಡಿದುಕೊಂಡು, ಏನೂ ಆಗಿಲ್ಲವೆಂಬಂತೆ ಎಲ್ಲರಿಗೂ ಅದನ್ನೇ ತೋರಿಸುತ್ತಿತ್ತು. ಮೂಲೆಯ ಗಡಿಯಾರವೂ ಜೊತೆಯಲ್ಲೇ ನಿಲ್ಲುತ್ತಿತ್ತು. ಅದನ್ನು ನೋಡಿದ್ದರೆ ತಿಳಿಯುತ್ತಿತ್ತು. ನೋಡಬಾರದೆಂದು ಸುತ್ತೋಲೆ ಇತ್ತಲ್ಲ.

ಹೀಗಿರುವಾಗ ಒಂದು ಬುಧವಾರ, ಊಟವಾಗಿ ಮಕ್ಕಳು ಮಲಗಿದ್ದ ಹೊತ್ತು. ಎರಡೂವರೆ ವರ್ಷದ ಹುಡುಗನೊಬ್ಬನ ತಾಯಿ ಫೋನ್ ಮಾಡಿದಳು. ಸಾಧಾರಣವಾಗಿ ಮೃದುವಾಗಿ ಮಾತಾಡುವ ಹೆಣ್ಣು. ಅವತ್ತು ದನಿ ನಡುಗುತ್ತಿತ್ತು.

"ಮೇಡಂ, ನನ್ನ ಮಗ ಮುಕ್ಕಾಲು ಗಂಟೆಯಿಂದ ಅಳ್ತಾ ಕೂತಿದಾನೆ. ನಾನು ಇಲ್ಲಿಂದ ನೋಡ್ತಾನೇ ಇದೀನಿ. ಒಬ್ಬರೂ ಎತ್ಕೊಂಡಿಲ್ಲ."

ಪರದೆಯ ಕಡೆ ತಿರುಗಿದೆ. ನಿಜ. ಉಳಿದ ಹದಿನೇಳು ಮಕ್ಕಳು ಚಾಪೆಯ ಮೇಲೆ ಕೊರಡಿನ ಹಾಗೆ ಮಲಗಿದ್ದವು. ಇವನೊಬ್ಬ ಕಿಟಕಿಯ ಕೆಳಗೆ ಕೂತು, ಬಾಯಿ ಇಷ್ಟಗಲ ತೆರೆದು ಅಳುತ್ತಿದ್ದ. ಆಯಮ್ಮ ಕಾಣಿಸಲೇ ಇಲ್ಲ, ಮೂಲೆಯಲ್ಲಿ ಅವಳ ಸೆರಗಿನ ಅಂಚು ಮಾತ್ರ ಕಂಡಿತು. ನೋಡಿದೆ ಎಂದೆ. ನೋಡ್ತಾ ಇರಿ ಎಂದಳು. ಇಬ್ಬರೂ ಫೋನು ಹಿಡಿದುಕೊಂಡು ನೋಡಿದೆವು. ಅವಳು ಅಲ್ಲಿ ಮೂಗು ಎಳೆದುಕೊಳ್ಳುತ್ತಿದ್ದಳು, ಇಲ್ಲಿ ನನಗೆ ಮೈ ಉರಿಯುತ್ತಿತ್ತು. ಅವಳು ಇಟ್ಟ ತಕ್ಷಣ ಇನ್ನೊಬ್ಬ ತಾಯಿಯ ಫೋನು. ಅವಳೂ ನೋಡಿದ್ದಾಳೆ. ಆಮೇಲೆ ಮೂರನೆಯವಳು. ಪ್ರತಿಯೊಬ್ಬಳಿಗೂ ನಾನೂ ನೋಡ್ತಾ ಇದೀನಿ, ವಿಚಾರಿಸ್ತೀನಿ, ಬಿಡೋದಿಲ್ಲ ಎಂದು ಹೇಳುತ್ತ ಮುಕ್ಕಾಲು ಗಂಟೆ ಆ ಕುರ್ಚಿಯಲ್ಲಿ ಕೂತಿದ್ದೆ. ಮೂರು ಗಂಟೆಗೆ ಮುಂಚೆ ಬಾಗಿಲು ತೆರೆಯುವಂತಿರಲಿಲ್ಲ.

ಮೂರು ಹೊಡೆದಾಗ ಬಾಗಿಲು ತೆರೆದೆ. ಹುಡುಗ ಆಯಮ್ಮನ ತೊಡೆಯ ಮೇಲೆ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ನನ್ನ ಹೆಜ್ಜೆ ಸದ್ದು ಕೇಳಿ ಈಗ ತಾನೇ ಎತ್ತಿಕೊಂಡಿದ್ದಾಳೆ ಎಂದು ನನ್ನ ಬುದ್ಧಿಗೆ ಹೊಳೆಯಿತು. ಅವಳನ್ನು ಅಡುಗೆಮನೆಗೆ ಕರೆದು, ಮಗುವನ್ನು ಒಂದೂವರೆ ಗಂಟೆ ಅಳಿಸಿದ್ದು ಯಾಕೆಂದು ಕೇಳಿದೆ.

"ಎರಡ ನಿಮಿಷ ಅತ್ತಾನ್ರೀ ಅಕ್ಕಾರ, ಅಷ್ಟ. ಎತ್ತಿಕೊಂಡೆ, ಮಲಗಿಬಿಟ್ಟ," ಎಂದಳು.

"ಸುಳ್ಳು ಹೇಳ್ಬೇಡ. ನಾನೇ ಕಣ್ಣಾರೆ ನೋಡಿದೀನಿ."

ಅವಳು ನನ್ನ ಮುಖವನ್ನೇ ನೋಡಿದಳು. ಆರು ವರ್ಷದಲ್ಲಿ ಒಂದು ದಿನವೂ ನಾನು ಅವಳಿಗೆ ಆ ಮಾತು ಅಂದಿರಲಿಲ್ಲ. ಅವಳು ಹಾಲಿಗೆ ಹೋಗಿ, ಎದ್ದ ಮಕ್ಕಳಿಗೆ ಕುಡಿಯಲು ಹಾಲು ಕೊಡಲು ಶುರುಮಾಡಿದಳು.

ಸಂಜೆ ಹುಡುಗನ ತಾಯಿ ಬಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಈ ಆಯಮ್ಮನನ್ನು ತೆಗೆಯಬೇಕು, ಇಲ್ಲವಾದರೆ ಸೋಮವಾರದಿಂದ ಅವಳ ಮಗ ಇಂದಿರಾನಗರಕ್ಕೆ. ಜೊತೆಗೆ ಇನ್ನೂ ನಾಲ್ಕು ಮಕ್ಕಳು. ಇಂದಿರಾನಗರ ಎಂಬ ಶಬ್ದ ಕೇಳಿದ ಕೂಡಲೇ ನನ್ನ ನ್ಯಾಯಬುದ್ಧಿ ಅರ್ಧ ಸತ್ತುಹೋಯಿತು. ತಾಯಂದಿರಿಗೆ ಶನಿವಾರ ರಜೆ, ನಮ್ಮಲ್ಲಿ ಅರ್ಧ ದಿನ ಮಕ್ಕಳಿರುತ್ತವೆ. ಅವತ್ತು ಎಲ್ಲರೂ ಬನ್ನಿ, ಅವಳನ್ನು ನಿಮ್ಮ ಮುಂದೆಯೇ ಕೇಳಿ ತೀರ್ಮಾನ ಮಾಡೋಣ ಎಂದೆ. ತೀರ್ಮಾನವೇನು ಎಂದು ನನಗಾಗಲೇ ಗೊತ್ತಿತ್ತು. ಆಯಮ್ಮನಿಗೂ ಗೊತ್ತಾಗಿರಬೇಕು. ಗುರುವಾರ, ಶುಕ್ರವಾರ ಅವಳು ಯಾವತ್ತಿಗಿಂತ ಅರ್ಧ ಗಂಟೆ ಮುಂಚೆಯೇ ಬಂದು, ಯಾರೂ ಹೇಳದಿದ್ದರೂ ಕಿಟಕಿಯ ಸರಳುಗಳನ್ನೆಲ್ಲ ಒರೆಸಿದಳು. ಆದರೂ ಕಣ್ಣಾರೆ ನೋಡಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಶನಿವಾರ ಐದು ಜನ ತಾಯಂದಿರು ಅಕ್ಕಿ ಮೂಟೆಯ ಕೋಣೆಯಲ್ಲಿ ಒತ್ತೊತ್ತಾಗಿ ನಿಂತರು. ಬಾಗಿಲು ಮುಚ್ಚಿತ್ತು. ಮೇಜಿನ ಮೇಲೆ ಕಂಪ್ಯೂಟರ್. ಪರದೆಯ ಮೇಲೆ ಆಯಮ್ಮ ಹಾಲಿನಲ್ಲಿ ಕೂತು ಒಂದು ಹುಡುಗಿಗೆ ಜಡೆ ಹಾಕುತ್ತಿದ್ದಳು, ಪಕ್ಕದಲ್ಲಿ ಆ ಹುಡುಗ ಚಾಪೆಯ ಮೇಲೆ ಕೂತು ಕಾರಿನ ಚಕ್ರ ಕೀಳುತ್ತಿದ್ದ. ಈಗ ನೋಡಿ ಎಷ್ಟು ಚೆನ್ನಾಗಿ ನೋಡ್ಕೊಳ್ತಿದಾಳೆ, ನಾವು ಬಂದಿದೀವಿ ಅಂತ ಗೊತ್ತಲ್ಲ ಎಂದಳು ಒಬ್ಬಳು. ನಮ್ಮವರು ಗಂಟಲು ಸರಿಮಾಡಿಕೊಂಡು, ಬ್ಯಾಂಕಿನಲ್ಲಿ ವಿಚಾರಣೆ ನಡೆಸುವ ಕ್ರಮದ ಬಗ್ಗೆ ಎರಡು ಮಾತು ಆಡಿದರು. ನಾನು ಬಾಗಿಲ ಮೇಲೆ ಬಡಿದು, ಆಯಮ್ಮ, ಇಲ್ಲಿ ಬಾ ಎಂದು ಕರೆದೆ.

ಬಾಗಿಲು ಕಿರ್ರೆಂದಿತು. ಆಯಮ್ಮ ಒಳಗೆ ಬಂದಳು. ಅವಳ ಸೆರಗು ಹಿಡಿದುಕೊಂಡು ಆ ಹುಡುಗನೂ ಬಂದ. ಅಮ್ಮನನ್ನು ನೋಡಿ ಓಡಿಹೋಗಿ ಅವಳ ಸೊಂಟ ಏರಿದ. ಅವಳು ಮಗನನ್ನು ಅಪ್ಪಿಕೊಂಡು, ಕೋಪ ಇಳಿಯಬಾರದೆಂದು ಮತ್ತೆ ಪರದೆಯ ಕಡೆ ಮುಖ ತಿರುಗಿಸಿದಳು. ಹಾಗೇ ನಿಂತಳು.

ಪರದೆಯ ಮೇಲೆ ಆಯಮ್ಮ ಇನ್ನೂ ಜಡೆ ಹಾಕುತ್ತಿದ್ದಳು. ಹುಡುಗ ಇನ್ನೂ ಚಾಪೆಯ ಮೇಲೆ ಕಾರು ಹಿಡಿದು ಕೂತಿದ್ದ.

ತಾಯಿ ಸೊಂಟದ ಮೇಲಿದ್ದ ಮಗನನ್ನು ನೋಡಿದಳು. ಪರದೆಯ ಮೇಲಿದ್ದ ಮಗನನ್ನು ನೋಡಿದಳು. "ಇವನು ಯಾರು ಹಾಗಾದ್ರೆ?" ಎಂದಳು. ಹುಡುಗ ಪರದೆಗೆ ಬೆರಳು ತೋರಿಸಿ, ತನ್ನ ಕಾರು ಅಲ್ಲಿದೆ, ತಂದುಕೊಡು ಎಂದು ಹಠ ಹಿಡಿದ. ಕೈಯಲ್ಲಿ ಕಿತ್ತ ಚಕ್ರವಿತ್ತು. ನಮ್ಮವರು ಬಗ್ಗಿ, ಕನ್ನಡಕ ಹಣೆಗೇರಿಸಿ, ಮೂಲೆಯ ಅಂಕಿಗಳನ್ನು ಮೊದಲ ಸಲ ಓದಿದರು. ಎಪ್ಪತ್ತನೇ ಇಸವಿ, ಬೆಳಗಿನ ನಾಲ್ಕು ಗಂಟೆ ಹನ್ನೊಂದು ನಿಮಿಷ, ಒಂಬತ್ತು ಸೆಕೆಂಡು. ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ಒಂಬತ್ತು ಸೆಕೆಂಡು ಒಂಬತ್ತು ಸೆಕೆಂಡಾಗಿಯೇ ಉಳಿಯಿತು. ಅವರು ಆಮೇಲೆ ಕಂಪ್ಯೂಟರಿನಲ್ಲಿ ಉಳಿದಿದ್ದ ಬುಧವಾರದ ಚಿತ್ರಗಳನ್ನು ತೆಗೆದು ತೋರಿಸಿದರು. ಒಂದೂವರೆ ಗಂಟೆಯ ಚಿತ್ರಗಳಷ್ಟಕ್ಕೂ ಒಂದೇ ನಿಮಿಷ, ಒಂದೇ ಸೆಕೆಂಡು, ಒಂದೇ ಕಣ್ಣೀರಿನ ಹನಿ.

ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಈ ಸಾಫ್ಟ್‌ವೇರಿನವರ ಮೇಲೆ ಕೇಸು ಹಾಕಬೇಕು ಎಂದಳು. ಹುಡುಗನ ತಾಯಿ ಆಯಮ್ಮನ ಕೈ ಹಿಡಿದು, ಮಗನನ್ನೇ ಅವಳಿಗೆ ಕೊಟ್ಟುಬಿಟ್ಟಳು. ನಾನು ಎಲ್ಲರಿಗಿಂತ ಜೋರಾಗಿ ಸಾಫ್ಟ್‌ವೇರನ್ನು ಬೈಯಲು ಶುರುಮಾಡಿದ್ದೆ. ಬುಧವಾರ ಅದು ನಮ್ಮೆಲ್ಲರನ್ನೂ ಹೇಗೆ ಮೋಸ ಮಾಡಿತು ನೋಡು ಎಂದು ಆಯಮ್ಮನಿಗೇ ಹೇಳಿದೆ. ಅವಳು ಹುಡುಗನ ಚಡ್ಡಿ ಮೇಲಕ್ಕೆಳೆಯುತ್ತ, ಎಂದಿನ ದನಿಯಲ್ಲೇ ಕೇಳಿದಳು:

"ಅವ್ರು ದೂರ ಇದ್ರು ಬಿಡ್ರಿ. ನೀವು ಈ ಬಾಗಿಲದಾಗನ ಇದ್ರಲ್ರೀ ಅಕ್ಕಾರ. ಎದ್ದು ಬಂದು ನೋಡಬಾರದಿತ್ತೇನ್ರಿ?"

ನನ್ನ ಕುರ್ಚಿಯಿಂದ ಆ ಕಿಟಕಿಗೆ ಹನ್ನೆರಡು ಹೆಜ್ಜೆ. ತಾಯಂದಿರು ಹೋದ ಮೇಲೆ ಎಣಿಸಿ ನೋಡಿದೆ. ಆರು ವರ್ಷ ಜೊತೆಯಲ್ಲಿದ್ದವಳ ಮಾತಿಗಿಂತ ಎಪ್ಪತ್ತನೇ ಇಸವಿಯ ಚಿತ್ರವನ್ನು ನಂಬಿದೆನಲ್ಲ ಎಂದು ನಾಚಿಕೆಯಾಯಿತು. ತಪ್ಪಾಯಿತು ಎಂದು ಹೇಳಬೇಕೆಂದು ಎರಡು ಸಲ ಹಾಲಿಗೆ ಹೋದೆ. ಒಂದು ಸಲ ಚಾಪೆ ಮಡಚಿದ್ದ ರೀತಿ ಸರಿಯಿಲ್ಲ ಎಂದು ಹೇಳಿ ಬಂದೆ, ಇನ್ನೊಂದು ಸಲ ಕುಡಿಯುವ ನೀರು ಕೇಳಿ ಬಂದೆ. ಕೊನೆಗೆ, ತಾಂತ್ರಿಕ ಕಾರಣಗಳಿಂದ ಉಂಟಾದ ಗೊಂದಲಕ್ಕೆ ವಿಷಾದಿಸುತ್ತೇವೆ ಎಂದು ಒಂದು ಸುತ್ತೋಲೆ ಬರೆದು ಗೋಡೆಗೆ ಅಂಟಿಸಿದೆ. ಆಯಮ್ಮನಿಗೆ ಓದಲು ಬರುತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ಒಂದೂವರೆಗೆ ನಾನು ಮತ್ತೆ ಪರದೆಯ ಮುಂದೆ ಕೂತಿದ್ದೆ. ಮಕ್ಕಳು ಮಲಗಿದ್ದವು. ಇದ್ದಕ್ಕಿದ್ದ ಹಾಗೆ ಒಂದು ದೊಡ್ಡ ಕೈ ಚಿತ್ರವನ್ನು ತುಂಬಿತು. ಕೈ ಹಿಂದಕ್ಕೆ ಹೋದಾಗ ನಟ್ಟನಡುವೆ ಅದೇ ಕಪ್ಪು ಮಚ್ಚೆ. ಫಿಟ್ಟಿಂಗಿನವನಿಗೆ ಫೋನ್ ಮಾಡಲು ಕೈ ತಾನಾಗಿಯೇ ಮುಂದೆ ಹೋಯಿತು. ಅರ್ಧದಲ್ಲಿ ನಿಲ್ಲಿಸಿದೆ. ಎದ್ದೆ. ನನ್ನದೇ ಸುತ್ತೋಲೆಯನ್ನು ಮೀರಿ ಬಾಗಿಲು ತೆರೆದೆ. ಅದು ಯಾವತ್ತೂ ಕೂಗದಷ್ಟು ಜೋರಾಗಿ ಕೂಗಿತು.

ಆಯಮ್ಮ ಮಕ್ಕಳ ಸ್ಟೂಲಿನ ಮೇಲೆ ನಿಂತಿದ್ದಳು. ಎಡಗೈಯಲ್ಲಿ ಕಾಡಿಗೆ ಡಬ್ಬಿ. ಬಲಗೈ ಬೆರಳು ಕರ್ರಗೆ. ಕ್ಯಾಮೆರಾದ ಗಾಜಿನ ಮೇಲೆ ದುಂಡಗೆ, ಚೊಕ್ಕವಾಗಿ, ಒಂದು ದೃಷ್ಟಿಬೊಟ್ಟು. ಅಷ್ಟರಲ್ಲಿ ಹದಿನೆಂಟು ಮಕ್ಕಳೂ ಎದ್ದು ಕೂತು ಒಂದೇ ಉಸಿರಿಗೆ ಅಳತೊಡಗಿದ್ದವು. ಆ ಗದ್ದಲದ ನಡುವೆ ನಾನು ಇದೇನಿದು ಎಂದು ಕೂಗಿ ಕೇಳಬೇಕಾಯಿತು, ಅವಳು ಕೂಗಿ ಹೇಳಬೇಕಾಯಿತು.

"ಅಷ್ಟು ಮಂದಿ ಎಲ್ಲೆಲ್ಲೋ ಕುಂತು ಕೂಸುಗಳನ್ನ ನೋಡ್ತಾರ. ದೃಷ್ಟಿ ಆಗಂಗಿಲ್ಲೇನ್ರಿ? ಗಲ್ಲಕ್ಕ ಹಚ್ಚಬ್ಯಾಡ ಅಂದ್ರಿ, ಬಿಟ್ಟೆ. ಎಲ್ಲಾರೂ ಇದರಾಗಿಂದನ ನೋಡ್ತಾರಲ್ಲ, ಅದಕ್ಕ ಇದಕ್ಕ ಒಂದು ಹಚ್ಚಿದೆ. ಎಲ್ಲಾ ಕೂಸಿಗೂ ಆತು."

ಪ್ರತಿ ಅಮಾವಾಸ್ಯೆಗೆ ತಪ್ಪದೆ ಹಚ್ಚುತ್ತಿದ್ದಳಂತೆ, ನಡುವೆ ಮಾಸಿದಂತೆ ಕಂಡರೆ ಇನ್ನಷ್ಟು. ಎರಡು ವಾರದ ಹಿಂದೆ ಆ ಫಿಟ್ಟಿಂಗಿನವನು ತಂತಿ ಬಿಗಿಮಾಡಲು ಬಂದಾಗ ಕರ್ಚೀಫಿನಿಂದ ಗಾಜು ಒರೆಸಿಬಿಟ್ಟನಂತೆ. ಪೂರ್ತಿ ಒರೆಸಿಹೋದದ್ದನ್ನು ಹೊಸದಾಗಿ ಹಚ್ಚಲು ಅಮಾವಾಸ್ಯೆಯೇ ಆಗಬೇಕೆಂದು ಕಾದಿದ್ದಳು. ಅಮಾವಾಸ್ಯೆ ಇವತ್ತು ಬಂದಿತ್ತು. ನಮ್ಮ ಹೊಸ ವರ್ಷನ್ನಿನ ಮಹಿಮೆ ಒಂದು ಕರ್ಚೀಫಿನ ಮಹಿಮೆಯಾಗಿತ್ತು. ಈ ಬೊಟ್ಟಿಗೋಸ್ಕರ ಆ ವರ್ಷನ್ ಬಂತು, ಆ ವರ್ಷನ್ನಿನಿಂದ ಚಿತ್ರ ನಿಂತಿತು, ನಿಂತ ಚಿತ್ರದಿಂದ ನಿನ್ನ ಕೆಲಸಕ್ಕೇ ಸಂಚಕಾರ ಬಂದಿತ್ತು, ಎಲ್ಲದಕ್ಕೂ ನಿನ್ನ ಕಾಡಿಗೆಯೇ ಮೂಲ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬೊಟ್ಟು ಇದ್ದಷ್ಟು ದಿನ ಏನೂ ಆಗಿರಲಿಲ್ಲಲ್ರೀ ಅಕ್ಕಾರ," ಎಂದಳು. "ಒರಸಿದ ಮ್ಯಾಲನ ನನ್ನ ಮ್ಯಾಲೆ ಬಂತು."

ಹಚ್ಚು, ಆದರೆ ಗಾಜಿನ ಮೇಲೆ ಬೇಡ, ಅಂಚಿಗೆ ಹಚ್ಚು ಎಂದೆ. ಅವಳು ಸ್ವಲ್ಪ ಯೋಚಿಸಿ, ಅಂಚಿಗಾದರೂ ನಡೆಯುತ್ತದೆ ಎಂದು ಒಪ್ಪಿ, ಸೆರಗಿನಿಂದ ಗಾಜು ಒರೆಸಿದಳು. ಇಬ್ಬರೂ ಸೇರಿ ಮಕ್ಕಳನ್ನು ತಟ್ಟಿ ತಟ್ಟಿ ಮಲಗಿಸಿದೆವು. ಆರು ವರ್ಷದಲ್ಲಿ ನಾನು ಒಂದು ಮಗುವನ್ನು ಮಲಗಿಸಿದ್ದು ಅದೇ ಮೊದಲು. ಆಮೇಲೆ ಆಫೀಸಿಗೆ ಹೋಗಿ ನೋಡಿದರೆ, ಪರದೆ ಯಾವಾಗಲೋ ನಿಂತುಹೋಗಿತ್ತು. ಅದರಲ್ಲಿ ಇನ್ನೂ ನಡುವೆ ಕಪ್ಪು ಬೊಟ್ಟು, ಸುತ್ತ ಹದಿನೆಂಟು ಮಕ್ಕಳು ಹಾಯಾಗಿ ನಿದ್ದೆ ಮಾಡುತ್ತಿದ್ದವು. ನನಗೆ ನಗು ತಡೆಯಲಾಗಲಿಲ್ಲ.

ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿ, ನನ್ನ ಕುರ್ಚಿಯನ್ನು ಎತ್ತಿಕೊಂಡು ಹಾಲಿಗೆ ಬಂದೆ. ಕಿಟಕಿಯ ಕೆಳಗೆ, ಹುಡುಗ ಅತ್ತಿದ್ದ ಜಾಗದ ಪಕ್ಕದಲ್ಲಿ ಹಾಕಿಕೊಂಡು ಕೂತೆ. ಮಕ್ಕಳು ಏಳದ ಹಾಗೆ ಪಿಸುದನಿಯಲ್ಲಿ, ಅವತ್ತು ನಂದೇ ತಪ್ಪು, ನಿನ್ನ ಮಾತು ನಂಬಬೇಕಿತ್ತು ಎಂದೆ. ಆಯಮ್ಮ ಕ್ಯಾಮೆರಾದ ಕಡೆ ಒಮ್ಮೆ ನೋಡಿದಳು, ಅದರ ಎದುರಿಗೇ ಕೂತಿದ್ದ ನನ್ನನ್ನು ಒಮ್ಮೆ ನೋಡಿದಳು. ಹತ್ತಿರ ಬಂದು, ಬೆರಳಿನಲ್ಲಿ ಉಳಿದಿದ್ದ ಕಾಡಿಗೆಯನ್ನು ನನ್ನ ಕಿವಿಯ ಹಿಂದೆ ಒತ್ತಿದಳು.

"ಇಲ್ಲಿ ಕುಂತ್ರ ನಿಮಗೂ ಬೇಕಾಗತೈತ್ರೀ ಅಕ್ಕಾರ," ಎಂದಳು.

ಸುತ್ತೋಲೆ ಇದ್ದುದು ಮಕ್ಕಳಿಗೆ ಮಾತ್ರ. ನಾನು ತಲೆ ಬಗ್ಗಿಸಿದೆ.